ಹೋಳಿಗೆಯಲ್ಲಿರುವ ‘ಗೆ’

ಈ ಸಲದ ಯುಗಾದಿಗೆ ನನ್ನ ಕ್ಲಾಸ್‌ಮೇಟ್ ಒಬ್ಬಳನ್ನು ಮನೆಗೆ ಊಟಕ್ಕೆ ಕರೆದಿದ್ದೆ. ಪಟ್ನಾದ ಹುಡುಗಿ. ದುರ್ಗಿಗುಡಿಯಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಒಂದು ಪಿ.ಜಿ.ಯಲ್ಲಿ ಇರ್ತಾಳೆ. ಬಂದವಳಿಗೆ ಅಮ್ಮ ಬೇವು-ಬೆಲ್ಲ ಕೊಟ್ಟು, ಎಲೆ ಹಾಕಿ, “ಹೋಳಿಗೆ ಮಾಡಿದೀನಮ್ಮ, ನಾಚ್ಕೋಬೇಡ, ಸರಿಯಾಗಿ ಊಟ ಮಾಡು” ಅಂದರು. ಅವಳು ಒಂದು ಕ್ಷಣ ಸುಮ್ಮನಿದ್ದು, ತನ್ನ ಕನ್ನಡವನ್ನೆಲ್ಲ ಒಟ್ಟುಮಾಡಿ ಕೇಳಿದಳು: “ಆಂಟಿ, ಹೋಳಿ ಮುಗೀತಲ್ಲ? ಹದಿನೈದು ದಿನ ಆಯ್ತು.”

ನಮಗೆಲ್ಲ ನಗು ತಡೆಯೋಕಾಗಲಿಲ್ಲ. ಅಜ್ಜಿ ಅಂತೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಅದೇ ಹೊತ್ತಿಗೆ ಅಮ್ಮ “ಹೋಳಿಗೆಗೆ ತುಪ್ಪ ಹಾಕ್ಲಾ?” ಅಂತ ಕೇಳಿದಾಗ ಅವಳ ಮುಖ ನೋಡಬೇಕಿತ್ತು. ಈಗ ಎರಡು ‘ಗೆ’!

ರಾತ್ರಿ ಮಲಗಿದ ಮೇಲೆ ಯೋಚನೆ ಬಂತು. ಅವಳು ಮಾಡಿದ ತಪ್ಪಾದ್ರೂ ಏನು? ಮನೆ, ಮನೆಗೆ. ಅಂಗಡಿ, ಅಂಗಡಿಗೆ. ಹೋಳಿ, ಹೋಳಿಗೆ. ಲೆಕ್ಕ ಸರಿಯಾಗೇ ಇದೆ. ಹೋಳಿ ಹಬ್ಬಕ್ಕೆ ಅನ್ನೋದನ್ನ ನಾವೂ ‘ಹೋಳಿಗೆ ಊರಿಗೆ ಹೋಗ್ತೀನಿ’ ಅಂತಲೇ ಹೇಳ್ತೀವಿ. ವಿಚಿತ್ರ ಅವಳದಲ್ಲ, ನನ್ನದು. ಹತ್ತೊಂಬತ್ತು ವರ್ಷ ಹೋಳಿಗೆ ತಿಂದಿದ್ದೇನೆ, ಒಂದು ದಿನವೂ ಅದರೊಳಗೆ ‘ಹೋಳಿ’ ಇದೆ ಅಂತ ನನಗೆ ಕಂಡಿಲ್ಲ. ಒಂದೇ ಪದ ಅವಳ ತಲೆಯಲ್ಲಿ ಎರಡು ತುಂಡಾಯಿತು, ನನ್ನ ತಲೆಯಲ್ಲಿ ಇಡಿಯಾಗಿ ಉಳಿಯಿತು. ಯಾಕೆ ಅಂತ ಹುಡುಕಲು ಹೋಗಿ ನಾನು ಫಿನ್‌ಲ್ಯಾಂಡ್ ತನಕ ಹೋಗಬೇಕಾಯಿತು. ಮೊಬೈಲ್‌ನಲ್ಲಿ, ಮತ್ತೇನಿಲ್ಲ.

ಫಿನ್‌ಲ್ಯಾಂಡ್ ಯಾಕೆಂದರೆ, ನಮ್ಮ ಹಾಗೇ ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತಾ ಹೋಗುವ ಭಾಷೆ ಅವರದು. ಫಿನ್ನಿಶ್‌ನಲ್ಲಿ ‘ತಲೊ’ ಅಂದರೆ ಮನೆ. ‘ತಲೊಸ್ಸ’ ಅಂದರೆ ಮನೆಯಲ್ಲಿ, ‘ತಲೊಸ್ತ’ ಅಂದರೆ ಮನೆಯಿಂದ. ಇಂಗ್ಲಿಷ್‌ನವರು ‘ಇನ್’, ‘ಫ್ರಮ್’ ಅಂತ ಬೇರೆ ಪದ ಇಟ್ಟು ಮುಗಿಸುವ ಕೆಲಸವನ್ನು ಅವರೂ ನಾವೂ ಪದದ ಕೊನೆಯಲ್ಲಿ ಮಾಡುತ್ತೇವೆ. ಅವರ ವಿಭಕ್ತಿಗಳು ಹದಿನೈದು. ಕೆಲವು ಪದಗಳಲ್ಲಿ ಬಾಲ ಅಂಟುವಾಗ ತಲೆಯೂ ಬದಲಾಗುತ್ತದೆ: ‘ವೆಸಿ’ ಅಂದರೆ ನೀರು, ‘ನೀರಿನಲ್ಲಿ’ ಅನ್ನಬೇಕಾದರೆ ‘ವೆದೆಸ್ಸ’. ನಮ್ಮ ‘ನಾನು’ ಹೋಗಿ ‘ನನಗೆ’ ಆಗುತ್ತಲ್ಲ, ಹಾಗೆ. ವಿಭಕ್ತಿ, ಬಹುವಚನ, ‘ನನ್ನ’ ‘ನಿನ್ನ’ ಹೇಳುವ ಪ್ರತ್ಯಯ, ನಮ್ಮ ‘ಊ’ ‘ಏ’ಗಳಂಥ ಬಾಲಗಳು ಎಲ್ಲ ಸೇರಿದರೆ ಒಂದೇ ನಾಮಪದಕ್ಕೆ ಸುಮಾರು 2000 ರೂಪಗಳು ಸಾಧ್ಯ ಅಂತ ಅಲ್ಲಿಯವರು ಲೆಕ್ಕ ಹಾಕಿದ್ದಾರೆ. ಕನ್ನಡಕ್ಕೆ ನಾನೇ ಒರಟಾಗಿ ಲೆಕ್ಕ ಹಾಕಿದೆ. ಏಕವಚನ, ಬಹುವಚನ ಎರಡು. ನಿಜವಾಗಿ ಬಳಕೆಯಲ್ಲಿರುವ ವಿಭಕ್ತಿ ಆರು ಅಂದುಕೊಳ್ಳಿ. ಕೊನೆಗೆ ಊ, ಏ, ಓ, ಆ ಸೇರಿಸಬಹುದು, ಇಲ್ಲವೇ ಏನೂ ಸೇರಿಸದೆ ಬಿಡಬಹುದು, ಹಾಗಾಗಿ ಐದು. 2 × 6 × 5 = 60. ‘ಮನೆ’ ಅನ್ನುವ ಒಂದು ಪುಟ್ಟ ಪದಕ್ಕೆ ಅರವತ್ತು ವೇಷ.

ಅರವತ್ತು ಅಂದೆ, ಸ್ಕೂಲಲ್ಲಿ ಏಳು ವಿಭಕ್ತಿ ಕಲಿಸಿದ್ದರಲ್ಲ ಅಂತ ನಿಮಗೆ ಅನುಮಾನ ಬಂದಿರಬಹುದು. ಪಂಚಮಿಗೆ ‘ದೆಸೆಯಿಂದ’ ಅಂತ ಬಾಯಿಪಾಠ ಮಾಡಿದ್ದೆವು, ನೆನಪಿದೆಯಾ? ‘ಮರದ ದೆಸೆಯಿಂದ ಹಣ್ಣು ಬಿತ್ತು’ ಅಂತ ಇಡೀ ದುರ್ಗಿಗುಡಿಯಲ್ಲಿ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಡಿ. ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅನ್ನುವ ಪುಸ್ತಕದ ಹೆಸರೇ ಇದಕ್ಕೆ ಉತ್ತರ. ಆ ಜಗಳ ದೊಡ್ಡದು, ಇಲ್ಲಿ ಬೇಡ.

ಪ್ರಶ್ನೆ ಇದು: ಈ ಅರವತ್ತೂ (ಅವರಿಗೆ 2000ವೂ) ತಲೆಯೊಳಗೆ ಒಂದೊಂದಾಗಿ ಶೇಖರವಾಗಿವೆಯಾ? ಅಥವಾ ಪದ ಬೇರೆ, ಪ್ರತ್ಯಯ ಬೇರೆ ಇದ್ದು, ಬೇಕಾದಾಗ ಜೋಡಿಸಿ, ಕೇಳಿದಾಗ ಬಿಡಿಸುತ್ತೇವಾ?

ಡೇಟಾ ಸ್ಟ್ರಕ್ಚರ್ಸ್ ಓದಿದ ನಮಗೆ ಇದು ಹಳೇ ಪ್ರಶ್ನೆ. ಪ್ರತಿ ಸಲ ಫಂಕ್ಷನ್ ಕರೆದು ಲೆಕ್ಕ ಹಾಕಿದರೆ ಮೆಮೊರಿ ಉಳಿಯುತ್ತೆ, ಸಮಯ ಹೋಗುತ್ತೆ. ಉತ್ತರಗಳನ್ನೆಲ್ಲ ಟೇಬಲ್‌ನಲ್ಲಿ ಬರೆದಿಟ್ಟರೆ ಸಮಯ ಉಳಿಯುತ್ತೆ, ಮೆಮೊರಿ ಹೋಗುತ್ತೆ. ಬುದ್ಧಿವಂತ ಪ್ರೋಗ್ರಾಂ ಏನು ಮಾಡುತ್ತೆ? ಪದೇ ಪದೇ ಕೇಳುವ ಉತ್ತರಗಳನ್ನು ಮಾತ್ರ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತೆ, ಉಳಿದದ್ದನ್ನು ಆಗಿನದ್ದಾಗಲೇ ಲೆಕ್ಕ ಹಾಕುತ್ತೆ. ಮನುಷ್ಯನ ತಲೆಯೂ ಹೆಚ್ಚುಕಮ್ಮಿ ಹಾಗೇ ಮಾಡುತ್ತೆ ಅನ್ನೋದಕ್ಕೆ ಫಿನ್‌ಲ್ಯಾಂಡ್‌ನವರು ಸಾಕ್ಷಿ ಕೊಟ್ಟಿದ್ದಾರೆ.

ಅವರ ಪರೀಕ್ಷೆ ಸರಳ. ಪರದೆ ಮೇಲೆ ಒಂದು ಪದ ಬರುತ್ತದೆ. ಅದು ನಿಜವಾದ ಪದವೋ ಸುಳ್ಳು ಪದವೋ ಅಂತ ಬೇಗ ಬಟನ್ ಒತ್ತಬೇಕು. ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಕಂಪ್ಯೂಟರ್ ಬರೆದುಕೊಳ್ಳುತ್ತದೆ. 1990ರ ದಶಕದಲ್ಲೇ ನಿಯೆಮಿ, ಲೈನೆ ಮುಂತಾದವರು ಈ ಬಗೆಯ ಪರೀಕ್ಷೆಗಳಲ್ಲಿ ಪ್ರತ್ಯಯ ಹತ್ತಿದ ಪದಗಳಿಗೆ ಬರೀ ಪದಗಳಿಗಿಂತ ಹೆಚ್ಚು ಸಮಯ ಬೇಕಾಗುತ್ತದೆ, ತಪ್ಪೂ ಹೆಚ್ಚು ಅಂತ ತೋರಿಸಿದ್ದರು. ಹೆಚ್ಚಿನ ಆ ಸಮಯ ಬಿಡಿಸುವ ಕೆಲಸದ ಕೂಲಿ ಅಂತ ಅವರ ವಾದ. 2003ರಲ್ಲಿ ಮಿನ್ನಾ ಲೆಹ್ಟೊನೆನ್ ಮತ್ತು ಮಟ್ಟಿ ಲೈನೆ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿದರು: ಪದರೂಪ ಎಷ್ಟು ಬಳಕೆಯದ್ದು, ಮತ್ತು ಓದುವವರು ಒಂದು ಭಾಷೆಯವರೋ ಎರಡು ಭಾಷೆಯವರೋ? (ಫಿನ್‌ಲ್ಯಾಂಡ್‌ನಲ್ಲಿ ಸ್ವೀಡಿಶ್ ಕೂಡ ಅಧಿಕೃತ ಭಾಷೆ.) ಬರೀ ಫಿನ್ನಿಶ್ ಆಡುವವರು ಅಪರೂಪದ ರೂಪಗಳನ್ನೂ ಮಧ್ಯಮ ಬಳಕೆಯವನ್ನೂ ಹೆಚ್ಚಾಗಿ ಬಿಡಿಸಿ ಓದಿದರು, ತೀರಾ ಬಳಕೆಯ ರೂಪಗಳನ್ನು ಮಾತ್ರ ಇಡಿಯಾಗಿ ಗುರುತು ಹಿಡಿದರು. ಎರಡು ಭಾಷೆಯವರಿಗೆ ತೀರಾ ಬಳಕೆಯ ರೂಪಗಳಲ್ಲೂ ಆ ವಿಳಂಬ ಹೋಗಲಿಲ್ಲ. ಅವರು ಎಲ್ಲವನ್ನೂ ಬಿಡಿಸುತ್ತಿದ್ದರು ಅಂತ ಕಾಣುತ್ತದೆ. ಕಾರಣವಾಗಿ ಲೇಖಕರು ಹೇಳಿದ್ದು ಬುದ್ಧಿಯ ಮಾತಲ್ಲ, ಲೆಕ್ಕದ ಮಾತು: ದಿನದ ಮಾತು ಎರಡು ಭಾಷೆಗೆ ಹಂಚಿಹೋಗುವುದರಿಂದ ಒಂದೊಂದು ರೂಪವೂ ಅವರ ಕಣ್ಣಿಗೆ ಕಿವಿಗೆ ಬಿದ್ದ ಸಲ ಕಡಿಮೆ. ಇಡಿಯಾಗಿ ಶೇಖರವಾಗಲು ಅಷ್ಟು ಸಲ ಸಾಲದು.

ಇದನ್ನು ಓದಿದಾಗ ಮೊದಲು ನೆನಪಾದದ್ದು ಪಟ್ನಾದ ಗೆಳತಿ. ಹೋಳಿಗೆ ಅವಳ ಕಿವಿಗೆ ಅವತ್ತೇ ಮೊದಲು ಬಿದ್ದದ್ದು. ಕ್ಯಾಶ್‌ನಲ್ಲಿ ಇಲ್ಲ, ಹಾಗಾಗಿ ಲೆಕ್ಕ ಹಾಕಿದಳು.

ಬಿಡಿಸುವ ಅಭ್ಯಾಸ ಒಮ್ಮೆ ಹಿಡಿಯಿತು ಅಂದರೆ ಬಿಡಿಸಬಾರದ್ದನ್ನೂ ಬಿಡಿಸುತ್ತೆ. ನೆಹರೂ ರೋಡಿನ ಕಡೆ ಹೋಗುವಾಗ ‘ಬಟ್ಟೆ ಮಳಿಗೆ’ ಅನ್ನುವ ಬೋರ್ಡ್ ನೋಡಿ ಅವಳು ಅದನ್ನು ರೈನ್‌ಕೋಟ್ ಅಂಗಡಿ ಅಂದುಕೊಂಡಿದ್ದಳು, ಮಳೆಗೆ ಬಟ್ಟೆ! ಮಲ್ಲಿಗೆ ಅಂದರೆ ಮಲ್ಲಿ ಅನ್ನುವವಳಿಗೆ. ಸಂಪಿಗೆ, ಸಂಡಿಗೆ, ದೇಣಿಗೆ ಎಲ್ಲ ಹಾಗೇ. ‘ಗೋವಿಂದ’ ಅಂದರೆ ಗೋವಿನಿಂದ ಬಂದದ್ದಾ, ಹಾಲಾ ಅಂತ ಒಂದು ಸಲ ಕೇಳಿದಳು, ಅದು ತಮಾಷೆಗೋ ನಿಜವಾಗಿಯೋ ನನಗೆ ಇನ್ನೂ ಗೊತ್ತಿಲ್ಲ. ನಗುವ ಮುಂಚೆ ‘ಕಾಡಿಗೆ’ ಅನ್ನುವ ಪದ ನೋಡಿ. ಕಾಡಿಗೆ ಹೋದಳು. ಕಾಡಿಗೆ ಹಚ್ಚಿಕೊಂಡಳು. ಎರಡೂ ಒಂದೇ ಅಕ್ಷರಗಳು, ಒಂದು ಕಡೆ ಒಡೆಯಬೇಕು, ಇನ್ನೊಂದು ಕಡೆ ಒಡೆಯಬಾರದು. ನಾವು ಮುಂದಿನ ಪದ ನೋಡಿ ತೀರ್ಮಾನಿಸುತ್ತೇವೆ, ತೀರ್ಮಾನಿಸಿದ್ದು ನಮಗೇ ಗೊತ್ತಾಗುವುದಿಲ್ಲ.

ಮಾತೃಭಾಷೆಯವರೂ ಹೀಗೆ ಸುಳ್ಳು ಬಾಲಕ್ಕೆ ಮೋಸಹೋಗುತ್ತಾರೆ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಒಳ್ಳೆಯ ಸಾಕ್ಷಿ ಇದೆ. 2004ರಲ್ಲಿ ರಾಸಲ್, ಡೇವಿಸ್, ನ್ಯೂ ಅನ್ನುವ ಮೂವರು ‘ಕಾರ್ನರ್’ ಅನ್ನುವ ಪದವನ್ನು ಕಣ್ಣಿಗೆ ಕಾಣಿಸಿತೋ ಇಲ್ಲವೋ ಅನ್ನುವಷ್ಟು ಕಡಿಮೆ ಹೊತ್ತು ತೋರಿಸಿ, ತಕ್ಷಣ ‘ಕಾರ್ನ್’ ತೋರಿಸಿದರು. ಮೂಲೆಗೂ ಜೋಳಕ್ಕೂ ಏನು ಸಂಬಂಧ? ಆದರೂ ‘ಕಾರ್ನ್’ ಗುರುತು ಹಿಡಿಯುವುದು ಬೇಗವಾಯಿತು. ‘ಎರ್’ ಅನ್ನುವುದು ಇಂಗ್ಲಿಷ್‌ನ ಪ್ರತ್ಯಯದ ಹಾಗೆ ಕಾಣುತ್ತದಲ್ಲ, ಅದಕ್ಕೇ ಮಿದುಳು ಅರ್ಥ ಕೇಳುವ ಮೊದಲೇ ಕತ್ತರಿ ಹಾಕಿಬಿಡುತ್ತದೆ. ಪ್ರತ್ಯಯದಂತೆ ಕಾಣದ ಬಾಲ ಇರುವ ಪದಗಳಲ್ಲಿ ಹಾಗಾಗಲಿಲ್ಲ. ಅಂದರೆ ಕತ್ತರಿ ನಮ್ಮೆಲ್ಲರ ಹತ್ತಿರವೂ ಇದೆ. ಅವಳದು ಸ್ವಲ್ಪ ನಿಧಾನಕ್ಕೆ, ಎಲ್ಲರ ಎದುರಿಗೆ ಕೆಲಸ ಮಾಡಿತು, ಅಷ್ಟೇ.

ಈಗ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಹೋದ ವರ್ಷ ನಮ್ಮ ಸಂಘದಿಂದ ಹೊರರಾಜ್ಯದವರಿಗೆ ಶನಿವಾರದ ಕನ್ನಡ ಕ್ಲಾಸ್ ಶುರುಮಾಡಿದೆವಲ್ಲ, ಮೊದಲ ದಿನ ಬೋರ್ಡ್ ತುಂಬ ವಿಭಕ್ತಿ ಪಟ್ಟಿ ಬರೆದದ್ದು ನಾನೇ. ಮರ, ಮರವನ್ನು, ಮರದಿಂದ, ಮರಕ್ಕೆ, ಮರದ, ಮರದಲ್ಲಿ. ಬಣ್ಣ ಬಣ್ಣದ ಮಾರ್ಕರ್ ಬೇರೆ. ಎಲ್ಲರೂ ಫೋಟೋ ತೆಗೆದುಕೊಂಡರು. ಮೂರನೇ ಶನಿವಾರದ ಹೊತ್ತಿಗೆ ಬರುತ್ತಿದ್ದವರು ನಾಲ್ಕೇ ಜನ. ‘ಇವರಿಗೆ ಆಸಕ್ತಿ ಇಲ್ಲ’ ಅಂತ ನಾವು ನಾವೇ ಮಾತಾಡಿಕೊಂಡೆವು. ಅವರಿಗೆ ವಿ.ಟಿ.ಯು. ಸಿಲಬಸ್‌ನಲ್ಲಿ ‘ಬಳಕೆ ಕನ್ನಡ’ ಅಂತ ಒಂದು ವಿಷಯ ಇದೆ, ಪಾಸಾದರೆ ಸಾಕಾಗಿದೆ ಅಂತಲೂ ಅಂದೆವು. ನಾವು ತಗೊಂಡದ್ದು ‘ಸಾಂಸ್ಕೃತಿಕ ಕನ್ನಡ’, ಸ್ವಲ್ಪ ಜಂಬ ಇತ್ತು.

ಆ ಪಟ್ಟಿ ಬಸ್ಸಿನಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ನೋಡಿ. ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳನ್ನೇ ತಗೊಳ್ಳಿ. ಶಿವಮೊಗ್ಗಕ್ಕೆ, ಸಾಗರಕ್ಕೆ, ಸೊರಬಕ್ಕೆ, ಶಿಕಾರಿಪುರಕ್ಕೆ, ಹೊಸನಗರಕ್ಕೆ. ಆದರೆ ಭದ್ರಾವತಿಗೆ, ತೀರ್ಥಹಳ್ಳಿಗೆ. ಕೊನೆಯಲ್ಲಿ ‘ಅ’ ಇದ್ದರೆ ‘ಕ್ಕೆ’, ‘ಇ’ ‘ಎ’ ಇದ್ದರೆ ‘ಗೆ’ ಅಂತ ನಿಯಮ ಹೇಳಿಕೊಟ್ಟೆ. ಸರಿ, ರೈಲು ಹತ್ತಿದರೆ? ಭದ್ರಾವತಿ ದಾಟಿ, ತರೀಕೆರೆಗೆ ಓಕೆ, ಆಮೇಲೆ ಬೀರೂರು. ‘ಉ’ ಇದ್ದರೆ ‘ಇಗೆ’, ಬೀರೂರಿಗೆ, ಬೆಂಗಳೂರಿಗೆ. ಅವಳು ತಕ್ಷಣ ‘ಗುರಿಗೆ ನಮಸ್ಕಾರ’ ಅಂದಳು. ಅಲ್ಲ, ‘ಗುರುವಿಗೆ’ ಅಂದೆ. ಹಸು? ಹಸುವಿಗೆ. ಕಾಲು? ಕಾಲಿಗೆ. “ಎರಡಕ್ಕೂ ಕೊನೇಲಿ ಉ ಇದೆಯಲ್ಲೋ!” ಅಂತ ಜೊತೆಗಿದ್ದ ಹುಡುಗನ ಮೇಲೆ ರೇಗಿದಳು.

ಅವಳಿಗೆ ಉತ್ತರ ಕೊಡಲು ನಾನು ಪುಸ್ತಕ ನೋಡಬೇಕಾಯಿತು. ಹಳಗನ್ನಡದಲ್ಲಿ ಊರ್, ಕಾಲ್, ಕಣ್ ಅಂತ ವ್ಯಂಜನದಲ್ಲೇ ಮುಗಿಯುತ್ತಿದ್ದ ಪದಗಳಿಗೆ ಆಮೇಲೆ ಉಚ್ಚಾರಕ್ಕೆ ಅನುಕೂಲ ಅಂತ ಒಂದು ‘ಉ’ ಬಂದು ಕೂತಿತು. ಬಾಡಿಗೆಯವನ ಹಾಗೆ. ಪ್ರತ್ಯಯ ಬಂದ ತಕ್ಷಣ ಅದು ಜಾಗ ಖಾಲಿ ಮಾಡುತ್ತೆ. ‘ಗುರು’, ‘ಹಸು’ಗಳಲ್ಲಿ ಇರುವ ‘ಉ’ ಸ್ವಂತ ಮನೆಯವನು, ಏಳುವುದಿಲ್ಲ, ನಡುವೆ ‘ವ’ಕಾರ ಬಂದು ಹೊಂದಿಸಿಕೊಳ್ಳಬೇಕು. ಆಗಮ ಸಂಧಿ, ಲೋಪ ಸಂಧಿ ಅಂತ ಹೈಸ್ಕೂಲಲ್ಲಿ ಎರಡು ಮಾರ್ಕ್ಸಿಗೆ ಬರೆದದ್ದು ಇದನ್ನೇ. ಎಂಟು ನೂರು ವರ್ಷದ ಹಿಂದಿನ ಒಂದು ವ್ಯತ್ಯಾಸವನ್ನು ನಾನು ಪ್ರತಿದಿನ ಸರಿಯಾಗಿ ಪಾಲಿಸುತ್ತಿದ್ದೇನೆ, ಅದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅವಳು ಗೊತ್ತುಮಾಡಿಕೊಂಡು ಪಾಲಿಸಬೇಕು.

ನಿಯಮ ಗೊತ್ತಿದ್ದರೂ ಬಾಯಿಗೆ ಬರಲು ಹೊತ್ತು ಬೇಕು. ಮೂರು ಸೆಕೆಂಡ್ ಕೊಟ್ಟರೆ ಅವಳು ‘ಸಾಗರಕ್ಕೆ’ ಅಂತ ಸರಿಯಾಗಿ ಹೇಳುತ್ತಿದ್ದಳು. ಕಂಡಕ್ಟರ್ ಮೂರು ಸೆಕೆಂಡ್ ಕೊಡಲ್ಲ. ‘ಸಾಗರಗೆ’ ಅಂತ ಬಂದುಬಿಡುತ್ತಿತ್ತು. ಅವರಿಗೆ ಅರ್ಥವಾಗುತ್ತೆ, ಟಿಕೆಟ್ಟೂ ಸಿಗುತ್ತೆ, ಆದರೆ ಮುಂದಿನ ಪ್ರಶ್ನೆಯನ್ನು ಕಂಡಕ್ಟರ್ ಹಿಂದಿಯಲ್ಲಿ ಕೇಳುತ್ತಾರೆ. ಅವಳಿಗೆ ಬೇಜಾರಾಗುತ್ತಿದ್ದದ್ದು ಅಲ್ಲಿ. ಒಂದು ‘ಗೆ’ ತಪ್ಪಿದ್ದಕ್ಕೆ ಮಾತೇ ಭಾಷೆ ಬದಲಿಸುತ್ತದೆ, ಭಾಷೆ ಬದಲಿಸಿದರೆ ಕೇಳಲು ಸಿಗುವ ಕನ್ನಡ ಇನ್ನೂ ಕಡಿಮೆಯಾಗುತ್ತದೆ. ಲೆಹ್ಟೊನೆನ್, ಲೈನೆ ಹೇಳಿದ ‘ಎಷ್ಟು ಸಲ ಕಿವಿಗೆ ಬಿತ್ತು’ ಅನ್ನುವ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಿ. ಶಿವಮೊಗ್ಗದಲ್ಲಿ ನಾಲ್ಕು ವರ್ಷ ಇದ್ದು ಕನ್ನಡ ಬಾರದೆ ಹೋಗುವವರ ಬಗ್ಗೆ ನಾವು ತುಂಬ ಮಾತಾಡ್ತೀವಿ. ಅವರಿಗೆ ನಾವು ಎಷ್ಟು ಕನ್ನಡ ಕೇಳಿಸಿದೆವು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ನಾನೇ ಮೊದಲ ಸೆಮಿಸ್ಟರ್ ಪೂರ್ತಿ ಅವಳ ಹತ್ತಿರ ಇಂಗ್ಲಿಷ್‌ನಲ್ಲಿ ಮಾತಾಡಿದ್ದೇನೆ.

ಪಟ್ಟಿಯಿಂದ ಬರುವ ತಪ್ಪು ಒಂದು ಬಗೆ, ತಮ್ಮ ಭಾಷೆಯಿಂದ ತರುವ ತಪ್ಪು ಇನ್ನೊಂದು. ‘ನಾನು ಅವನಿಗೆ ನೋಡಿದೆ’ ಅಂತ ಅವಳು ಹೇಳುತ್ತಾಳೆ. ಹಿಂದಿಯ ‘ಕೋ’ ನಮ್ಮ ‘ಗೆ’ ಮತ್ತು ‘ಅನ್ನು’ ಎರಡರ ಕೆಲಸವನ್ನೂ ಒಬ್ಬನೇ ಮಾಡುತ್ತದೆ, ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ನುಗ್ಗುತ್ತದೆ. ಅದೇ ಹಿಂದಿ ಸಹಾಯವನ್ನೂ ಮಾಡುತ್ತದೆ. ‘ನನಗೆ ಹಸಿವಾಗಿದೆ’, ‘ನನಗೆ ಗೊತ್ತು’ ಅನ್ನೋದು ಅವಳಿಗೆ ಮೊದಲ ದಿನವೇ ಬಂತು. ಇಂಗ್ಲಿಷ್‌ನಲ್ಲೇ ಬೆಳೆದ ನಮ್ಮ ಬೆಂಗಳೂರಿನ ಸಂಬಂಧಿ ಹುಡುಗ ‘ನಾನು ಹಸಿವು’ ಅಂತಾನೆ, ಏನು ಮಾಡೋಣ.

ಭದ್ರಾವತಿ ನನ್ನ ಅಮ್ಮನ ತವರು. ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ 1923ರಲ್ಲಿ ಕೆಲಸ ಶುರುವಾದ ಕಬ್ಬಿಣದ ಕಾರ್ಖಾನೆ, 1930ರ ದಶಕದ ಕಾಗದದ ಕಾರ್ಖಾನೆ ಎರಡೂ ಸೇರಿ ಆ ಊರಿಗೆ ತಮಿಳು, ತೆಲುಗು, ಮಲಯಾಳ ಎಲ್ಲವನ್ನೂ ತಂದವು. ಪಕ್ಕದ ಮನೆಯ ತಾತ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು, ಮನೆಮಾತು ತಮಿಳು. ಅವರ ಕನ್ನಡದಲ್ಲಿ ‘ಹ’ಕಾರ ಕೆಲವು ಸಲ ಕಳೆದುಹೋಗುತ್ತದೆ, ಮಹಾಪ್ರಾಣ ಇಲ್ಲವೇ ಇಲ್ಲ, ಆದರೆ ವಿಭಕ್ತಿ ತಪ್ಪಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ತಮಿಳಿನಲ್ಲಿ ‘ಮರಂ’ ಹೋಗಿ ‘ಮರತ್ತುಕ್ಕು’ ಆಗುತ್ತದೆ, ನಮ್ಮಲ್ಲಿ ‘ಮರಕ್ಕೆ’. ‘ವೀಡು’ ಹೋಗಿ ‘ವೀಟ್ಟುಕ್ಕು’. ಪದದ ಬಾಲ ಅಲ್ಲಾಡುತ್ತದೆ, ಎಲ್ಲಿ ಅಲ್ಲಾಡುತ್ತದೆ ಅನ್ನುವ ಅಂದಾಜು ಅವರಿಗೆ ಮೊದಲೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕನ್ನಡ ಕೇಳಿದ್ದಾರೆ. ಎರಡರಲ್ಲಿ ಯಾವುದಕ್ಕೆ ಎಷ್ಟು ಮಾರ್ಕ್ಸ್ ಅಂತ ನಾನು ಹೇಳಲಾರೆ.

ಹಾಗಾದರೆ ನಮ್ಮ ಮಕ್ಕಳು ಪಟ್ಟಿ ಇಲ್ಲದೆ ಹೇಗೆ ಕಲಿಯುತ್ತಾರೆ? 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಮಕ್ಕಳಿಗೆ ಒಂದು ಇಲ್ಲದ ಪ್ರಾಣಿಯ ಚಿತ್ರ ತೋರಿಸಿ, ಇದು ‘ವಗ್’, ಈಗ ಇಂಥವು ಎರಡಿವೆ, ಏನನ್ನುತ್ತೀರಿ ಅಂತ ಕೇಳಿದ್ದರು. ಯಾವತ್ತೂ ಕೇಳದ ಪದಕ್ಕೆ ಮಕ್ಕಳು ಬಹುವಚನ ಹಚ್ಚಿದರು. ನಾನು ಅದನ್ನೇ ನಾಲ್ಕನೇ ಕ್ಲಾಸಿನಲ್ಲಿರುವ ಚಿಕ್ಕಪ್ಪನ ಮಗನ ಮೇಲೆ ಮಾಡಿದೆ. “ಇದರ ಹೆಸರು ಗುಬಟ. ನಾನು ಇದಕ್ಕೆ ನೀರು ಹಾಕ್ತೀನಿ. ‘ಇದಕ್ಕೆ’ ಅನ್ನದೆ ಹೆಸರು ಹಿಡಿದು ಹೇಳು.” ಅವನು ಉತ್ತರ ಕೊಡಲಿಲ್ಲ, ಪ್ರಶ್ನೆ ಕೇಳಿದ: “ಗುಬಟ ಅಂದ್ರೆ ಗಿಡನಾ, ಮನುಷ್ಯನಾ?” ಗಿಡ ಅಂದೆ. “ಗುಬಟಕ್ಕೆ ನೀರು ಹಾಕ್ತೀನಿ.” ಮನುಷ್ಯ ಆದ್ರೆ? “ಗುಬಟನಿಗೆ. ಆದ್ರೆ ಮನುಷ್ಯಂಗ್ಯಾಕೆ ನೀರು ಹಾಕ್ತೀಯ?” ನನ್ನ ಬಣ್ಣದ ಪಟ್ಟಿಯಲ್ಲಿ ಈ ಮನುಷ್ಯ-ವಸ್ತು ವ್ಯತ್ಯಾಸವೇ ಇರಲಿಲ್ಲ. ಮರಕ್ಕೆ, ಆದರೆ ಹುಡುಗನಿಗೆ. ಒಂಬತ್ತು ವರ್ಷದವನು ಉತ್ತರಕ್ಕೆ ಮೊದಲು ಅದನ್ನೇ ವಿಚಾರಿಸಿದ.

ಇಲ್ಲಿಯ ತನಕ ಬರೆದದ್ದೆಲ್ಲ ಬೇರೆಯವರ ಬಗ್ಗೆ. ಮೇ ತಿಂಗಳಲ್ಲಿ ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕೆಲವು ವಾರ ಓದಬಾರದು ಅಂದರು. ಅಜ್ಜಿಗೆ ಬೆಳಿಗ್ಗೆ ಕಾಫಿ ಇಲ್ಲದಿದ್ದರೂ ನಡೆಯುತ್ತೆ, ಪೇಪರ್ ಇಲ್ಲದಿದ್ದರೆ ನಡೆಯಲ್ಲ. ರಜೆಯಲ್ಲಿದ್ದ ನನಗೆ ಆ ಕೆಲಸ ಬಂತು.

ಎರಡನೇ ಸಾಲಿಗೇ ಸಿಕ್ಕಿಬಿದ್ದೆ. ‘ತಾಲ್ಲೂಕುಗಳಲ್ಲಿಯೂ’. ತಾಲ್ಲೂಕು, ಗಳ, ಅಲ್ಲಿ, ಊ ಅ೦ತ ಒಂದೊಂದೇ ಬೋಗಿ ಎಣಿಸುತ್ತಾ ಓದಿದೆ. ‘ಸಂತ್ರಸ್ತರಿಗಾಗಿಯೇ’ ಬಂದಾಗ ಅರ್ಧಕ್ಕೆ ನಿಂತೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಉಳಿದರ್ಧ ಹೇಳಿದರು. ಕನ್ನಡ ನನ್ನ ಮನೆಮಾತು ಸ್ವಾಮಿ! ಆದರೆ ಎಲ್.ಕೆ.ಜಿ.ಯಿಂದ ಇಂಗ್ಲಿಷ್ ಮೀಡಿಯಂ, ದಿನಕ್ಕೊಂದು ಕನ್ನಡ ಪೀರಿಯಡ್, ಹತ್ತನೇ ಕ್ಲಾಸ್ ಮುಗಿದ ಮೇಲೆ ಕನ್ನಡದಲ್ಲಿ ಓದಿದ್ದು ಅಂದರೆ ಅಂಗಡಿ ಬೋರ್ಡ್ ಮತ್ತು ಮೀಮ್. ಬಾಯಲ್ಲಿ ನಾನು ಹೇಳುವುದು ‘ಮನೇಲಿ’, ‘ಮನೇನ’. ‘ಮನೆಯಲ್ಲಿ’, ‘ಮನೆಯನ್ನು’ ಅನ್ನುವ ರೂಪಗಳು ಅಚ್ಚಿನಲ್ಲಿ ಮಾತ್ರ ಇವೆ. ಕಿವಿಗೆ ಲಕ್ಷ ಸಲ ಬಿದ್ದ ರೂಪ ಒಂದು, ಕಣ್ಣಿಗೆ ಬೀಳಬೇಕಾದ ರೂಪ ಇನ್ನೊಂದು. ಅಕ್ಷರದ್ದೂ ಒಂದು ಪಾಲು ಇದೆ. ಕನ್ನಡ ಓದಲು ಕಲಿಯುವ ಮಕ್ಕಳ ಮೇಲೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒತ್ತು, ಗುಣಿತ ಎಲ್ಲ ಕೈಗೆ ಹತ್ತಲು ಇಂಗ್ಲಿಷ್‌ನ 26 ಅಕ್ಷರಗಳಿಗಿಂತ ತುಂಬ ಹೆಚ್ಚು ಕಾಲ ಬೇಕು, ಮೂರು ನಾಲ್ಕನೇ ಕ್ಲಾಸಿನ ತನಕವೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ. ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸ್. ಆಮೇಲೆ ಐವತ್ತು ವರ್ಷ ಪೇಪರ್.

ಆಗ ಹಳೇ ಪೇಪರ್ ನೆನಪಾಯಿತು, ಫಿನ್‌ಲ್ಯಾಂಡ್‌ನದು. ಅದರಲ್ಲಿದ್ದ ಎರಡು ಭಾಷೆಯವರು ದೊಡ್ಡವರಾದ ಮೇಲೆ ಫಿನ್ನಿಶ್ ಕಲಿತವರಲ್ಲ. ಚಿಕ್ಕಂದಿನಿಂದ ಎರಡನ್ನೂ ಆಡುತ್ತಾ ಬೆಳೆದವರು. ಅಂದರೆ ಅವರು ಪಟ್ನಾದ ಗೆಳತಿಯ ಹಾಗಲ್ಲ, ನನ್ನ ಹಾಗೆ.

ಅನುಮಾನ ಪರಿಹಾರಕ್ಕೆ ಒಂದು ಪೈಥಾನ್ ಪ್ರೋಗ್ರಾಂ ಬರೆದೆ. ನಲವತ್ತು ಸಾಲು. ಪದ ತೋರಿಸು, ಕೀ ಒತ್ತುವ ತನಕ ಸಮಯ ಅಳೆ. ಸುಳ್ಳು ಪದಗಳಿಗೆ ‘ಮನೆಕ್ಕೆ’, ‘ಮರಗೆ’, ‘ಊರುವಿಗೆ’ ಹಾಕಿದೆ. ನಾನು, ಗೆಳತಿ ಇಬ್ಬರೂ ಕೂತೆವು. ‘ಮನೆಗೆ’, ‘ಊರಿಗೆ’ ನನಗೆ ‘ಮನೆ’, ‘ಊರು’ಗಳಷ್ಟೇ ಬೇಗ, ಅವಳಿಗೆ ನಿಧಾನ. ‘ಗುಡ್ಡಗಳಲ್ಲಿಯೂ’ ಬಂದಾಗ ಇಬ್ಬರೂ ನಿಧಾನ, ಅಷ್ಟೇನೂ ದೂರ ಇರಲಿಲ್ಲ. ಅಂಕಿ ಬರೆಯುವುದಿಲ್ಲ, ಯಾಕೆಂದರೆ ಇಬ್ಬರು ಕೂತು ಮಾಡಿದ್ದನ್ನು ಪ್ರಯೋಗ ಅನ್ನಬಾರದು. ಉದ್ದದ ಪದ ಓದಲು ಹೇಗೂ ಹೆಚ್ಚು ಹೊತ್ತು ಬೇಕು. ಸರಿಯಾಗಿ ಮಾಡಬೇಕಾದರೆ ಉದ್ದ ಸಮನಾಗಿರುವ, ಬಳಕೆ ಅಳೆದಿರುವ ಪದಗಳ ಪಟ್ಟಿ ಬೇಕು, ಹತ್ತಾರು ಜನ ಬೇಕು. ಯಾರಿಗಾದರೂ ಮೇಜರ್ ಪ್ರಾಜೆಕ್ಟ್‌ಗೆ ವಿಷಯ ಬೇಕಿದ್ದರೆ ಇದನ್ನು ತಗೊಳ್ಳಿ, ಕೋಡ್ ಕೊಡ್ತೀನಿ.

ಇದಕ್ಕೆ ವಿರುದ್ಧ ವಾದವೂ ಇದೆ. ಮೈಕಲ್ ಉಲ್‌ಮನ್ ಅನ್ನುವ ವಿಜ್ಞಾನಿಯ ಪ್ರಕಾರ ದೊಡ್ಡವರಾದ ಮೇಲೆ ಕಲಿಯುವವರು ನಿಯಮಕ್ಕಿಂತ ನೆನಪನ್ನೇ ಹೆಚ್ಚು ನಂಬುತ್ತಾರೆ, ರೂಪಗಳನ್ನು ಇಡಿಯಾಗೇ ಉರುಹೊಡೆಯುತ್ತಾರೆ. ಗೆಳತಿಯನ್ನು ನೋಡಿದರೆ ಅದೂ ಸುಳ್ಳಲ್ಲ. ಮೊದಲ ತಿಂಗಳು ಅವಳಿಗೆ ‘ಊರಿಗೆ’ ಅನ್ನುವುದೇ ಒಂದು ಪದ, ‘ಊರು’ ಅಂತ ಬೇರೆ ಇದೆ ಅಂತ ಗೊತ್ತಿರಲಿಲ್ಲ. ನನ್ನ ಪಟ್ಟಿ ನೋಡಿದ ಮೇಲೆ ಎಲ್ಲವನ್ನೂ ಬಿಡಿಸಲು ಶುರುಮಾಡಿದಳು, ಹೋಳಿಗೆಯನ್ನೂ ಸೇರಿಸಿ. ಈಗ ಕೆಲವು ಮತ್ತೆ ಇಡಿಯಾಗುತ್ತಿವೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ “ಸಾಗರಕ್ಕೆ ಹೋಗುತ್ತಾ?” ಅಂತ ತಡವರಿಸದೆ ಕೇಳಿದಳು, ಕಂಡಕ್ಟರ್ ಕನ್ನಡದಲ್ಲೇ “ಹತ್ತಿ, ಹತ್ತಿ” ಅಂದರು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಕಿಟಕಿ ಸೀಟಿಗೆ ಓಡಿದಳು.

ಶನಿವಾರದ ಕ್ಲಾಸ್ ಮತ್ತೆ ಶುರುಮಾಡಿದ್ದೇವೆ. ವಿಭಕ್ತಿ ಪಟ್ಟಿಯನ್ನು ಪೂರ್ತಿ ಬಿಟ್ಟಿಲ್ಲ, ಯಾರಾದರೂ ‘ಯಾಕೆ’ ಅಂತ ಕೇಳಿದಾಗ ತೆಗೆಯುತ್ತೇವೆ. ಉಳಿದ ಹೊತ್ತು ಒಂದೇ ಊರಿನ ಹೆಸರು, ಒಂದೇ ತರಕಾರಿ, ಒಂದೇ ಹುಡುಗನ ಕತೆಯನ್ನು ಬೇರೆ ಬೇರೆ ವಾಕ್ಯದಲ್ಲಿ ಇಪ್ಪತ್ತು ಸಲ ಕೇಳಿಸುತ್ತೇವೆ. ಬೋರ್ ಅಂತ ಬೈಯುವವರಿದ್ದಾರೆ, ಆದರೂ ಬರುತ್ತಾರೆ. ನೀವು ಬಂದರೆ ಒಂದೇ ಷರತ್ತು: ಅವರು ‘ಸಾಗರಗೆ’ ಅಂದರೂ ನೀವು ಕನ್ನಡದಲ್ಲೇ ಉತ್ತರ ಕೊಡಬೇಕು.

ಅಜ್ಜಿಗೆ ಹೊಸ ಕನ್ನಡಕ ಬಂದಿದೆ. ಪೇಪರ್ ಅವರೇ ಓದಬಹುದು. ಆದರೂ ಬೆಳಿಗ್ಗೆ ಎರಡನೇ ಪುಟವನ್ನು ನನ್ನ ಕಡೆ ಹಾಕುತ್ತಾರೆ, ನಾನು ಜೋರಾಗಿ ಓದುತ್ತೇನೆ. ನಿನ್ನೆ ‘ಗ್ರಾಹಕರಿಗಾಗಿಯೇ’ ಒಂದೇ ಸಲಕ್ಕೆ ಬಂತು. ‘ವೈಪರೀತ್ಯದಿಂದಾಗಿ’ಗೆ ಎರಡು ಸಲ ನಿಲ್ಲಬೇಕಾಯಿತು.